ಖಾನಾಪುರದಿಂದ ಬಂದ ಐದಕ್ಷರ

ನಮ್ಮ ಅಪಾರ್ಟ್‌ಮೆಂಟಿನ ಕಮಿಟಿಗೆ ನನ್ನ ತಂತಿ ಕಂಡರೆ ಕಣ್ಣುರಿ. ರಾಮತೀರ್ಥ ನಗರದ ಈ ಕಟ್ಟಡದ ಟೆರೇಸಿನ ಮೇಲೆ, ನೀರಿನ ಟಾಕಿಯಿಂದ ಕಂಬಕ್ಕೆ ಎಳೆದ ತಾಮ್ರದ ತಂತಿ ಅದು, ದೂರದ ಹವ್ಯಾಸಿಗಳೊಡನೆ ಮಾತಾಡುವ ನನ್ನ ಹ್ಯಾಮ್ ರೇಡಿಯೋದ ಏರಿಯಲ್. ಲೈಸೆನ್ಸ್ ನನ್ನ ಹೆಸರಿನಲ್ಲಿದೆ, ಟೆರೇಸ್ ಮಾತ್ರ ಎಲ್ಲರದ್ದು. ಅಧ್ಯಕ್ಷ ಬಸವಪ್ರಸಾದರು ಸಭೆಯಲ್ಲಿ, "ಎಲ್ಲಾರ ಕೈಯಾಗ ಮೊಬೈಲ್ ಐತಿ. ಇದನ್ನ ಯಾಕ ಇಟ್ಕೋಬೇಕ್ರಿ?" ಎಂದರು.

"ಹೋದ ಮಳಿಗಾಲದಾಗ ಖಾನಾಪುರದ ಕಡೆ ಟವರ್ ಬಂದ್ ಬಿದ್ದಾಗ ನಿಮ್ಮ ಮೊಬೈಲ್ ಏನ್ ಕಡದು ಗುಡ್ಡೆ ಹಾಕಿದ್ವು?" ಎಂದೆ. "ಬ್ಯಾಟರಿ ಮುಗಿಯಾಕ ಬಂದವನ ಸಣ್ಣ ದನಿನೂ ಹಿಡೀತೈತಿ ನನ್ನ ರೇಡಿಯೋ."

"ಹಂಗಾದ್ರ ತೋರಿಸ್ರಿ. ಇಲ್ಲಾಂದ್ರ ತಂತಿ ಇಳಿಸೂಣು."

ಹೂಂ ಎಂದೆ. ಸಿಟ್ಟು ಬಂದರೆ ನಾನು ಹಿಂದೆಮುಂದೆ ನೋಡುವವಳಲ್ಲ. ನನಗೆ ಈ ಹುಚ್ಚು ಹಿಡಿಸಿದ ತವನಪ್ಪ ಮಾಮಾ ಖಾನಾಪುರದಲ್ಲಿ ಪಂಪ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಟಾರ್ಚಿನ ಬಲ್ಬೂ ಉರಿಯದಷ್ಟು ಶಕ್ತಿಯಲ್ಲಿ ಅವರು ಮೋರ್ಸಿನ ಚುಕ್ಕಿ-ಗೆರೆಗಳಲ್ಲಿ ಒಂದೇ ಪದವನ್ನು ಮತ್ತೆ ಮತ್ತೆ ಕಳಿಸಬೇಕು, ನಾನು ಹಿಡಿಯಬೇಕು. ಪದ ಯಾವುದೆಂದು ಬಸವಪ್ರಸಾದರೇ ಫೋನ್ ಮಾಡಿ ಅವರಿಗೆ ಹೇಳುವುದೆಂದಾಯಿತು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಕಮಿಟಿ ನನ್ನ ಕೋಣೆಯಲ್ಲಿ ಕುಳಿತಿತು. ಸ್ಪೀಕರಿನಿಂದ ಬರೀ ಗದ್ದಲ: ಲಿಫ್ಟು, ಇನ್ವರ್ಟರು, ಮನೆಮನೆಯ ಎಲ್‌ಇಡಿ ದೀಪ. ನನ್ನ ಪರವಾಗಿ ಬಂದಿದ್ದವಳು ಎದುರುಮನೆಯ ಶಿವಬಸವ್ವ ಒಬ್ಬಳೇ. "ದನಿ ದೊಡ್ಡದ ಮಾಡ್ರೀ" ಎಂದಳು. ನಾನು ಇನ್ನೂ ಸಣ್ಣದು ಮಾಡಿದೆ. ದೊಡ್ಡದು ಮಾಡಿದರೆ ಗದ್ದಲವೂ ದೊಡ್ಡದಾಗುತ್ತದೆ. ಮಚ್ಛೆಯ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಮೋಟರುಗಳಿಗೆ ಕಿವಿಗೊಟ್ಟು ಕೆಟ್ಟ ಬೇರಿಂಗ್ ಹಿಡಿದವಳಿಗೆ ಅಷ್ಟು ಗೊತ್ತು.

ಕೈಯಾರೆ ಕಟ್ಟಿದ ಫಿಲ್ಟರ್ ಹಾಕಿದೆ. ಅದರ ಸಂದು ಬರೀ ಐವತ್ತು ಹರ್ಟ್ಜ್. ಒಂದೇ ಒಂದು ತೆಳು ಸ್ವರವನ್ನು ಒಳಗೆ ಬಿಟ್ಟು ಉಳಿದದ್ದನ್ನೆಲ್ಲ ತಡೆಯುತ್ತದೆ. ಗದ್ದಲ ಇಳಿದು "ಕುಂಯ್" ಎಂಬ ನಾದ ಕೇಳಿತು.

"ಬಂತ್ ನೋಡ್ರಿ!" ಶಿವಬಸವ್ವ ಚಪ್ಪಾಳೆ ತಟ್ಟಿದಳು. ಬಸವಪ್ರಸಾದರು ದೊಡ್ಡಮನಸ್ಸು ಮಾಡಿದವರಂತೆ, "ಆತ್ ಬಿಡ್ರಿ ಅಕ್ಕಾರ, ಏನೋ ಕೇಳಸ್ತು. ಪದಾ ಗಿದಾ ಬ್ಯಾಡ. ದೀಪಾವಳಿ ತನಕಾ ತಂತಿ ಇರ್ಲಿ" ಎಂದರು.

ಸುಮ್ಮನಿದ್ದರೆ ಅಷ್ಟು ದಿನವಾದರೂ ಉಳಿಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

"ಇದು ತವನಪ್ಪ ಮಾಮಾ ಅಲ್ರೀ. ಸಂದು ಸಣ್ಣದಾದಷ್ಟೂ ಗದ್ದಲಾನ ಹಿಂಗ ಕುಂಯ್‌ಗುಡತೈತಿ. ಸುಳ್ಳ ದನಿ ತೋರಿಸಿ ದೀಪಾವಳಿ ತನಕಾ ದಯಾ ಬೇಡಾಕಿ ಅಲ್ಲ ನಾನು. ಕುಂದರ್ರಿ."

ಹತ್ತು ನಿಮಿಷ ಹೋಯಿತು. ಡಯಲ್ಲಿನ ಮೇಲೆ ಗೊತ್ತುಮಾಡಿದ ಜಾಗದಲ್ಲಿ ಮಾಮಾ ಇಲ್ಲ. ಯಾರೋ ಆಕಳಿಸಿದರು. ನನಗೆ ಹೆದರಿಕೆಯಾಯಿತು, ಖರೇ ಹೇಳುತ್ತೇನೆ. ಆಗ ಅವರ ಅಂಗಡಿಯ ತಗಡಿನ ಮಾಡು ನೆನಪಾಯಿತು. ನಾವು ದಿನಾ ಮಾತಾಡುವುದು ಬೆಳಗಿನ ತಂಪಿನಲ್ಲಿ. ಅವರು ತಾವೇ ಕಟ್ಟಿಕೊಂಡ ಸೆಟ್ಟು ಮಧ್ಯಾಹ್ನ ತಗಡಿನ ಬಿಸಿಗೆ ಕಾಯುತ್ತದೆ, ಕಾದಷ್ಟೂ ತನ್ನ ಜಾಗ ಬಿಟ್ಟು ಕೆಳಗೆ ಜಾರುತ್ತದೆ. ಕಮಿಟಿಯ ಅನುಕೂಲಕ್ಕೆ ಮೂರು ಗಂಟೆ ಒಪ್ಪಿದ್ದೇ ನನ್ನ ತಪ್ಪು. ಗುಂಡಿಯನ್ನು ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಕೆಳಕ್ಕೆ ತಿರುಗಿಸಿದೆ. ಇಷ್ಟು ಸಣ್ಣ ಸಂದಿನಲ್ಲಿ ಅವಸರ ಮಾಡಿದರೆ ಹುಡುಕುತ್ತಿರುವವರನ್ನು ದಾಟಿ ಹೋದದ್ದೇ ತಿಳಿಯುವುದಿಲ್ಲ.

ನಾದ ಮುರಿಯಿತು. ಚುಕ್ಕಿ, ಚುಕ್ಕಿ. ಆಮೇಲೆ ಚುಕ್ಕಿ, ಗೆರೆ, ಚುಕ್ಕಿ, ಚುಕ್ಕಿ. ಗೆರೆಯನ್ನು ಒಂದಿಷ್ಟು ಹೆಚ್ಚೇ ಎಳೆಯುವ ಮಾಮಾನ ಹಠಮಾರಿ ಕೈ! ಪೆನ್ಸಿಲ್ ಎತ್ತಿಕೊಂಡೆ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬರೆದೆ: ಐ, ಎಲ್, ಐ, ಎಸ್, ಯು.

ಕಾಗದವನ್ನು ಅಧ್ಯಕ್ಷರ ಮುಂದೆ ತಳ್ಳಿದೆ. "'ಇಳಿಸು'. ಇದಾ ಅಲ್ರೀ ನೀವು ಹೇಳಿ ಕಳಿಸಿದ ಪದ?"

ಬಸವಪ್ರಸಾದರ ಮುಖ ಕೆಂಪಾಯಿತು. "ಹೂಂ... ಇದಾ ಐತ್ರಿ."

ನಾನು ಮೋರ್ಸ್ ಕೀಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಕುಟ್ಟುತ್ತ ಕುಟ್ಟುತ್ತ, ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಹೇಳುತ್ತ, ಖಾನಾಪುರಕ್ಕೆ ಉತ್ತರ ಕಳಿಸಿದೆ: "ಇಳಿಸೂದಿಲ್ಲ."