ಎಲ್ಲಾ ಖರೇ ತಗದಾರ

ಹೊರ್ತಿಯ ಕಾಸಿಂಸಾಬನಿಗೆ ಅರವತ್ತರ ಹತ್ತಿರ ವಯಸ್ಸು. ಅಷ್ಟಾದರೂ ಬುದ್ಧಿ ಬೇಡವೇ? ಸಿನಿಮಾದವರು ಮನೆ ಬಾಗಿಲಿಗೆ ಬಂದು ‘ನಿಜ’ ಎಂಬ ಮಾತನ್ನು ನಾಲ್ಕು ಸಲ ಆಡಿದ್ದೇ ತಡ, ಮನುಷ್ಯ ಕರಗಿ ನೀರಾಗಿಬಿಟ್ಟ.

ಟ್ರ್ಯಾಕ್ಟರ್ ರಿವರ್ಸ್ ಪಂದ್ಯವೆಂದರೆ ಟ್ರಾಲಿ ಕಟ್ಟಿಕೊಂಡು, ಗೆರೆ ಹಾಕಿದ ಹೊಲದಲ್ಲಿ ಹಿಮ್ಮುಖವಾಗಿ ಓಡಿಸುವುದು. ಟ್ರಾಲಿ ಬಲಕ್ಕೆ ತಿರುಗಬೇಕಾದರೆ ಸ್ಟೇರಿಂಗ್ ಎಡಕ್ಕೆ ಎಳೆಯಬೇಕು. ಚೂರು ಹೆಚ್ಚಾಯಿತೋ, ಎರಡೂ ಮಡಚಿಕೊಂಡು ಬೀಳುತ್ತವೆ. ಕಾಸಿಂಸಾಬನ ತಮ್ಮ ಸಿಕಂದರ ಇದರಲ್ಲಿ ಎತ್ತಿದ ಕೈ. ಹನ್ನೊಂದು ವರ್ಷದ ಹಿಂದೆ ಸಿಂದಗಿ ಕಡೆಯ ಒಂದು ಪಂದ್ಯದಲ್ಲಿ, ಗುರಿ ಇನ್ನು ಹತ್ತು ಮಾರು ಇರುವಾಗ, ಗಾಳಿಗೆ ಹಾರಿದ ಟೊಪ್ಪಿಗೆ ಹಿಡಿಯಲು ಒಬ್ಬ ಮುದುಕ ಟ್ರಾಲಿಯ ಹಿಂದೆ ನುಗ್ಗಿದ. ಅವನನ್ನು ಉಳಿಸಲು ಸಿಕಂದರ ಸ್ಟೇರಿಂಗನ್ನು ಪೂರ್ತಿ ಎಳೆದ. ಟ್ರ್ಯಾಕ್ಟರ್ ಮಗುಚಿ ಸಿಕಂದರನ ಮೇಲೇ ಬಿತ್ತು, ಅಲ್ಲೇ ಸತ್ತ. ಮುದುಕ ಟೊಪ್ಪಿಗೆ ಎತ್ತಿಕೊಂಡು ಗದ್ದಲದಲ್ಲಿ ಮಾಯವಾದ.

ಗುರಿಯ ಹತ್ತಿರ ನಿಶಾನೆ ಹಿಡಿದು ನಿಂತಿದ್ದ ಕಾಸಿಂಸಾಬ ಇದನ್ನೆಲ್ಲ ಕಣ್ಣಾರೆ ಕಂಡಿದ್ದ. ಪಂದ್ಯ ನಡೆಸಿದವರು ಮಾತ್ರ ತಮ್ಮ ತಲೆಗೆ ಬರಬಾರದೆಂದು ಸಿಕಂದರ ಕುಡಿದಿದ್ದ ಎಂದು ಹಬ್ಬಿಸಿದರು. ನಾಲಿಗೆಗೆ ಒಂದು ಹನಿ ಸೋಕಿಸದವನ ಮೇಲೆ ಎಂಥ ಮಾತು! ಅಣ್ಣ ಎಷ್ಟು ಬಾಯಿ ಬಡಿದುಕೊಂಡರೂ, ತಮ್ಮನ ಪರ ಮಾತಾಡುತ್ತಾನೆ ಎಂದರು ಜನ. ನಂಬಿದವಳು ಒಬ್ಬಳೇ, ಸಿಕಂದರನ ಹೆಂಡತಿ ಮುಮ್ತಾಜ.

“ಸಿನಿಮಾದಲ್ಲಿ ರೇಸ್ ಅಂದರೆ ಬರೀ ಹೊಗೆ, ಬೆಂಕಿ. ನನಗೆ ಅದು ಬೇಡ,” ಎಂದಿದ್ದ ನಿರ್ದೇಶಕ ಚೇತನಕುಮಾರ. “ನಿಮ್ಮ ತಮ್ಮ ನಿಜವಾಗಿ ಹೇಗೆ ಓಡಿಸ್ತಿದ್ದರೋ ಹಾಗೇ ಬೇಕು.”

“ಹೆಂಗ ಸತ್ತ ಅನ್ನೋದನ್ನೂ ಹಂಗ ತೋರಸ್ತೀರೇನ್ರಿ?”

“ಖಂಡಿತ.”

ಕಾಸಿಂಸಾಬನಿಗೆ ಇಷ್ಟು ಸಾಕಾಯಿತು. ಒಂದು ತಿಂಗಳು ತನ್ನ ಕೆಲಸ ಬಿಟ್ಟು ನಟನಿಗೆ ಕಲಿಸಿದ. ಕ್ಲಚ್ ಒತ್ತುವ ಎಡಗಾಲು ಬರಿಗಾಲಾಗಿರಬೇಕು, ಹಿಡಿತ ಅಂಗಾಲಿಗೇ ತಿಳಿಯಬೇಕು. ಟ್ರಾಲಿಯ ಪಿನ್ನು ಗಡಗಡ ಅನ್ನದಂತೆ ಗೋಣಿ ಚೂರು ಸುತ್ತಬೇಕು. ಟವೆಲ್ಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಕತ್ತು ಹಿಂದಕ್ಕೆ ತಿರುಗಿಸಬೇಕು. ಅದು ಸಿಕಂದರನೊಬ್ಬನದೇ ರೂಢಿ.

ಚಿತ್ರ ಇಂಡಿ ಪಟ್ಟಣಕ್ಕೆ ಬಂದ ದಿನ ಮಧ್ಯಾಹ್ನದ ಆಟಕ್ಕೆ ಮುಮ್ತಾಜಳನ್ನೂ ಕರೆದ. “ಇವತ್ತ ಊರೇ ನೋಡ್ತೈತಿ, ಬಾರವ್ವಾ.” ಗಂಡ ಹೋದ ಮೇಲೆ ಥೇಟರಿನ ಮೆಟ್ಟಿಲು ಹತ್ತದವಳು ಭಾವನ ಮಾತಿಗೆ ಬಂದಳು.

ಪರದೆಯ ಮೇಲೆ ಬರಿಗಾಲು ಬಂತು, ಗೋಣಿ ಚೂರು ಬಂತು, ಹಲ್ಲಲ್ಲಿ ಟವೆಲ್ಲು ಬಂತು. ಕಾಸಿಂಸಾಬನ ಕಣ್ಣು ತುಂಬಿದವು. ಹಿಂದಿನ ಸಾಲಿನಲ್ಲಿ ಅವರೂರಿನ ಶ್ರೀಶೈಲಪ್ಪ ಕೂತಿದ್ದ. ಅವನೂ ಪಂದ್ಯಗಳಲ್ಲಿ ಓಡಿಸಿದವನೇ. “ಥೇಟ್ ನಮ್ಮ ಸಿಕಂದರ. ಎಲ್ಲಾ ಖರೇ ತಗದಾರ ನೋಡ್ರಿ,” ಎಂದ.

ಆಮೇಲೆ ಪರದೆಯ ಸಿಕಂದರ ಸೀಟಿನ ಕೆಳಗಿಂದ ಬಾಟಲಿ ತೆಗೆದು ಗಟಗಟ ಕುಡಿದ. ತೂರಾಡುತ್ತ ಸ್ಟೇರಿಂಗ್ ಎಳೆದ. ಟ್ರ್ಯಾಕ್ಟರ್ ಮಗುಚಿತು. ಮುದುಕನೂ ಇರಲಿಲ್ಲ, ಟೊಪ್ಪಿಗೆಯೂ ಇರಲಿಲ್ಲ.

“ಕುಡದಿದ್ದ ಅಂತ ಆವಾಗ್ಲೇ ಹೇಳಿದ್ದಿಲ್ಲೇನು?” ಎಂದ ಶ್ರೀಶೈಲಪ್ಪ, ಪಕ್ಕದವನಿಗೆ.

ಮಧ್ಯಂತರದಲ್ಲಿ ಕಾಸಿಂಸಾಬ ಹೊರಗೆ ಓಡಿ ನಿರ್ದೇಶಕನಿಗೆ ಫೋನು ಹಚ್ಚಿದ.

“ಟೊಪ್ಪಿಗೆಗೋಸ್ಕರ ಒಬ್ಬ ಅಡ್ಡ ಬಂದ ಅಂದರೆ ಜನ ನಗ್ತಾರೆ ಸಾಹೇಬ್ರೇ,” ಎಂದ ಚೇತನಕುಮಾರ, ಸಮಾಧಾನದಿಂದ. “ಉಳಿದದ್ದೆಲ್ಲ ನೀವು ಹೇಳಿದ ಹಾಗೇ ಇಟ್ಟಿದ್ದೀವಲ್ಲ?”

“ಅದನ್ನೆಲ್ಲಾ ಸುಳ್ಳ ಮಾಡಿ ಇದೊಂದ ಖರೇ ಇಡಬೇಕಿತ್ತಲ್ಲೋ, ಹಲ್ಕಟ್,” ಎಂದ ಕಾಸಿಂಸಾಬ. ಆ ಕಡೆಯಿಂದ ಫೋನು ಕಟ್ಟಾಯಿತು.

ಒಳಗೆ ಬಂದಾಗ ಮುಮ್ತಾಜ ಸೆರಗು ಮುಂದೆಳೆದುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ.

“ಭಾವಾರ, ಅವರ ಓಡಿಸೂದೆಲ್ಲಾ ಸಿನಿಮಾದವರಿಗೆ ನೀವ ಹೇಳಿಕೊಟ್ಟಿದ್ದು, ಹೌದಿಲ್ರಿ?”

“ಹೌದವ್ವಾ. ಆದ್ರ...”

“ಹಂಗಾರ ಇದನ್ನೂ ನೀವ ಹೇಳೀರಿ.”

“ಅಲ್ಲಾನ ಆಣಿ, ಇಲ್ಲವ್ವಾ.”

ದೀಪ ಆರಿದವು. ಮುಮ್ತಾಜ ಪರದೆಯ ಕಡೆಗೇ ನೋಡುತ್ತ, ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿದಳು:

“ನಾ ಸಿಟ್ಟಾಗಿಲ್ರಿ. ನನ್ನ ಮನಸ್ಸು ನೋಯಬಾರ್ದಂತ ಹನ್ನೊಂದ ವರ್ಷ ಮುಚ್ಚಿಟ್ಟೀರಿ. ಭಾಳ ಉಪಕಾರ ಆತ್ರಿ.”