ರಂಗೂನಿನ ಮೇಲೆ ಚುಚ್ಚದ ಗುಂಡುಸೂಜಿ

ನಾನು ಒಂದು ಭೂಪಟ. ಗೋಡೆಗೆ ತೂಗುಹಾಕುವ ಜಾತಿಯವನು. ಹುಟ್ಟಿದ್ದು ಮುಂಬಯಿಯ ಒಂದು ಛಾಪಖಾನೆಯಲ್ಲಿ. ಅಲ್ಲಿ ಸಮುದ್ರಕ್ಕೆ ನೀಲಿ ಬಿತ್ತು, ಬ್ರಿಟಿಷರ ರಾಜ್ಯಗಳಿಗೆಲ್ಲ ಕೆಂಪು ಬಿತ್ತು. ಆ ಕೆಂಪು ಎಷ್ಟು ಖರ್ಚಾಯಿತೆಂದರೆ ಕೊನೆಗೆ ಡಬ್ಬಿಯ ತಳ ಕೆರೆಯಬೇಕಾಯಿತು! ಬೆನ್ನಿಗೆ ಬಟ್ಟೆ ಅಂಟಿಸಿ, ಮೇಲೊಂದು ಕೆಳಗೊಂದು ಕಟ್ಟಿಗೆಯ ಕೋಲು ಕೂಡಿಸಿದರು. ಲೋಕವೆಲ್ಲ ನನ್ನ ಮೈಮೇಲಿದೆ ಅಂತ ನನಗೆ ವಿಪರೀತ ಜಂಬ. ಈ ಗೆರೆಗಳಿಗಾಗಿಯೇ ಜನ ಸಾಯುತ್ತಾರೆ ಅಂತ ಯಾರು ಕಂಡಿದ್ದರು?

ಧಾರವಾಡದ ವಕೀಲ ಬಿಂದುರಾಯರು ನನ್ನನ್ನು ತಂದು ಪಡಸಾಲೆಯ ಗೋಡೆಗೆ ಹಾಕಿದರು. ೧೯೩೯ರಲ್ಲಿ ಯುದ್ಧ ಶುರುವಾಯಿತೋ ಇಲ್ಲವೋ, ಪೇಟೆಗೆ ಹೋಗಿ ಒಂದು ಡಬ್ಬಿ ಗುಂಡುಸೂಜಿ ತಂದರು. ಬ್ರಿಟಿಷರ ಕಡೆಯವರಿಗೆ ಬಿಳಿ ತಲೆಯ ಸೂಜಿ, ಶತ್ರುಗಳಿಗೆ ಕಪ್ಪು. ಊರು ಯಾರ ಕೈಗೆ ಹೋಯಿತೋ ಅಲ್ಲಿ ಅವರ ಸೂಜಿ. ಪತ್ರಿಕೆ ಬರುವುದೇ ತಡ, ರಾಯರು ಎದ್ದು ಬಂದು ನನ್ನನ್ನು ಚುಚ್ಚುವರು. ಅಯ್ಯೋ, ಏನು ಉರಿ! ಕೇಳುವವರು ಯಾರು?

ರಾಯರ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ತುಂಗಕ್ಕ. ಅವಳ ಒಬ್ಬನೇ ಮಗ ಪ್ರಲ್ಹಾದ ಬರ್ಮಾದ ರಂಗೂನಿನಲ್ಲಿ, ಒಂದು ಮರದ ಕಂಪನಿಯಲ್ಲಿ ಕಾರಕೂನ. ಹೆಂಡತಿ ಇಂದಿರೆಯ ಜೊತೆ ಸಂಸಾರವೂ ಅಲ್ಲೇ. ಅವರಿಗೊಂದು ಹಾಲುಗೂಸು ಮಗಳು. ಸೊಸೆ, ಮೊಮ್ಮಗಳನ್ನು ತುಂಗಕ್ಕ ಇನ್ನೂ ಕಣ್ಣಾರೆ ಕಂಡಿರಲಿಲ್ಲ. ರಾಯರು ರಂಗೂನಿನ ಚುಕ್ಕಿ ತೋರಿಸಿದ ಮೇಲೆ, ದಿನಾ ನನ್ನ ಧೂಳು ಒರೆಸುವ ನೆಪದಲ್ಲಿ ಬಂದು, ಆ ಚುಕ್ಕಿಗೆ ಕೈ ನಿವಾಳಿಸಿ ಲಟಕ್ಕನೆ ನೆಟಿಕೆ ಮುರಿಯುವಳು. ಮೂವರಿಗೂ ಸೇರಿಸಿ ದೃಷ್ಟಿ ತೆಗೆಯುವುದು! ನನಗೆ ನಗು ಬರುತ್ತಿತ್ತು.

"ಯಾತಕ್ಕ ಬಡಿದಾಡ್ತಾರ್ರೀ ರಾಯರ?" ಅಂತ ಒಮ್ಮೆ ಕೇಳಿದಳು.

"ಹಿಂದಿನ ಯುದ್ಧದಾಗ ಸೋತ ಜರ್ಮನಿ ಮೂಗನ್ನ ಗೆದ್ದವ್ರು ನೆಲಕ್ಕ ತಿಕ್ಕಿಸಿದ್ರು, ತುಂಗಕ್ಕ. ದಂಡ ಹಾಕಿದ್ರು, ನೆಲಾ ಕಸಗೊಂಡ್ರು. ಆ ಸಿಟ್ಟಿನ ಮ್ಯಾಲೆ ಒಬ್ಬಾಂವ ಎಣ್ಣಿ ಸುರದಾ. ಈ ಕಡೆ ಜಪಾನಿನವ್ರಿಗೆ ಪೆಟ್ರೋಲ್ ಬೇಕು, ರಬ್ಬರ್ ಬೇಕು. ಎಲ್ಲಾರ ಕಣ್ಣೂ ಇನ್ನೊಬ್ಬರ ಹೊಲದ ಮ್ಯಾಲ."

"ನಮ್ಮ ಪ್ರಲ್ಹಾದ ಏನ ಮಾಡ್ಯಾನ್ರೀ ಅವರಿಗೆ?"

ವಕೀಲರು ಪತ್ರಿಕೆಯ ಪುಟ ತಿರುವಿದರು.

ಪೋಲೆಂಡ್ ಕಪ್ಪಾಯಿತು, ಫ್ರಾನ್ಸ್ ಕಪ್ಪಾಯಿತು. ರಷ್ಯಾದ ಹಿಮದಲ್ಲಿ ಕಪ್ಪು ಸೂಜಿಗಳು ಮಾಸ್ಕೋದ ಹತ್ತಿರ ಬಂದು ನಿಂತವು. ಗೆಳೆಯರು ಚಹಾ ಕುಡಿಯುತ್ತ, "ಇವತ್ತ ಎಷ್ಟ ಮುಂದ ಬಂದ್ರಪಾ?" ಅಂತ ಆಟದ ಸುದ್ದಿ ಕೇಳಿದ ಹಾಗೆ ಕೇಳುವರು. ಆಮೇಲೆ ಜಪಾನು ಎದ್ದಿತು. ಸೂಜಿಗಳು ಮೂಡಣದಿಂದ ನಮ್ಮ ಕಡೆಗೇ ಬರತೊಡಗಿದವು. ಮಲಯಾ ಹೋಯಿತು, ಸಿಂಗಪುರ ಹೋಯಿತು. ಪಡಸಾಲೆಯಲ್ಲಿ ಮಾತು ಕಡಿಮೆಯಾಯಿತು, ಚಹಾ ಬಟ್ಟಲಲ್ಲೇ ಆರುತ್ತಿತ್ತು.

ಒಂದು ದಿನ ರಾಯರು ಪತ್ರಿಕೆ ಓದಿ, ಕಪ್ಪು ಸೂಜಿ ಹಿಡಿದು ನನ್ನ ಮುಂದೆ ಬಂದರು. ರಂಗೂನು ಬಿದ್ದಿತ್ತು. ಅಡುಗೆಮನೆಯಲ್ಲಿ ತುಂಗಕ್ಕ ಒಗ್ಗರಣೆ ಹಾಕುತ್ತಿದ್ದಳು. ರಾಯರ ಕೈ ಚುಕ್ಕಿಯ ಹತ್ತಿರ ಬಂದು ಹಿಂದೆ ಸರಿಯಿತು. ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿಬಿಟ್ಟರು. ಕೂತಲ್ಲೇ ಊರೂರು ಕೆಡವಿದ ಮನುಷ್ಯನಿಗೆ ಆ ಒಂದು ಚುಕ್ಕಿ ಚುಚ್ಚಲು ಆಗಲಿಲ್ಲ. ಅವತ್ತೇ ನನಗೆ ಅವರ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿದ್ದು.

ಆದರೆ ಯುದ್ಧ ನಿಲ್ಲಬೇಕಲ್ಲ? ಮುಂದಿನ ವಾರಗಳಲ್ಲಿ ಬರ್ಮಾದ ಉಳಿದ ಊರುಗಳಿಗೆಲ್ಲ ಸೂಜಿ ಬಿತ್ತು. ತುಂಗಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ, ಕಣ್ಣಂತೂ ಇದ್ದವು.

"ಸುತ್ತೂ ಕಡೆ ಚುಚ್ಚೀರಿ. ಇದೊಂದ ಯಾಕ ಬಿಟ್ಟೀರಿ, ರಾಯರ?"

ರಾಯರು ತಲೆ ತಗ್ಗಿಸಿದರು. ತುಂಗಕ್ಕ ಆ ಚುಕ್ಕಿಯ ಮೇಲೆ ಅಂಗೈ ಮುಚ್ಚಿ ಅಲ್ಲೇ ನಿಂತಳು. ಅವತ್ತು ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಪ್ರಲ್ಹಾದ ಬಂದ. ಬರ್ಮಾದ ಕಾಡು, ಗುಡ್ಡ ಹಾದು ಆಸಾಮಿನವರೆಗೆ ನಡೆದುಬಂದ ಸಾವಿರಾರು ಜನರಲ್ಲಿ ಅವನೂ ಒಬ್ಬ. ಹೆಗಲ ಮೇಲೆ ಮಗಳಿದ್ದಳು. ಇಂದಿರೆ ಇರಲಿಲ್ಲ. "ದಾರ್ಯಾಗ ಜ್ವರ ಬಂತು" ಅಂದ, ಅಷ್ಟೇ. ತುಂಗಕ್ಕ ಮಗುವನ್ನು ಎದೆಗವಚಿಕೊಂಡು ಗೋಳಾಡಿದಳು. ಆಮೇಲೆ ಪ್ರಲ್ಹಾದ ಪಡಸಾಲೆಗೆ ಬಂದಾಗಲೆಲ್ಲ ನನಗೆ ಬೆನ್ನು ತಿರುಗಿಸಿಯೇ ಕೂರುತ್ತಿದ್ದ. ನನ್ನ ಮೋರೆ ನೋಡಲು ಅವನಿಗೆ ಆಗುತ್ತಿರಲಿಲ್ಲ.

ಗಾಳಿ ತಿರುಗಿತು. ಕಪ್ಪು ಸೂಜಿಗಳು ಒಂದೊಂದೇ ಕಿತ್ತುಬಂದವು. ಬರ್ಲಿನ್ ಬಿತ್ತು. ಕೊನೆಗೆ ಜಪಾನಿನ ಎರಡು ಊರುಗಳ ಮೇಲೆ ಎಂಥದೋ ಹೊಸ ಬಾಂಬು ಹಾಕಿದರಂತೆ. ರಾಯರು ಆ ಊರುಗಳನ್ನು ಹುಡುಕಿ, ಸೂಜಿ ಹಿಡಿದುಕೊಂಡೇ ನಿಂತರು. ಚುಚ್ಚೋಣವೆಂದರೆ ಅಲ್ಲಿ ಊರೇ ಉಳಿದಿರಲಿಲ್ಲ. ಯುದ್ಧ ಮುಗಿಯಿತೆಂದು ಪತ್ರಿಕೆ ಬಂದ ದಿನ ನನ್ನ ಮೈಮೇಲಿದ್ದ ಸೂಜಿಗಳನ್ನೆಲ್ಲ ಕಿತ್ತು ತೆಗೆದರು. ಮೈಯೆಲ್ಲ ತೂತು.

ಅವತ್ತು ಮಗಳು ಪ್ರಲ್ಹಾದನ ಕೈ ಜಗ್ಗಿ ಕೇಳಿದಳು: "ಅಪ್ಪಾ, ಇದರಾಗ ಅವ್ವ ಎಲ್ಲಿದ್ದಾಳ?"

ಪ್ರಲ್ಹಾದ ಮೊದಲ ಸಲ ನನ್ನ ಮುಂದೆ ಬಂದು ನಿಂತ. ಅವನ ಬೆರಳು ರಂಗೂನಿನಿಂದ ಹೊರಟು, ನದಿಗುಂಟ ಮೇಲಕ್ಕೆ ಹತ್ತಿ, ಬರಿಯ ಕೆಂಪಿನಲ್ಲಿ ತಡವರಿಸಿತು. "ಇಲ್ಲೆಲ್ಲೋ... ಒಂದು ಹಳ್ಳ ಇತ್ತವ್ವಾ. ಇದರಾಗ ಅದರ ಹೆಸರ ಇಲ್ಲ."

ನನ್ನನ್ನು ಮಾಡಿದವರು ಅಲ್ಲಿ ಕೆಂಪು ಬಳಿದು ಕೈತೊಳೆದುಕೊಂಡಿದ್ದರು. ನಾಚಿಕೆಯಿಂದ ಗೋಡೆ ಬಿಟ್ಟು ಇಳಿದುಹೋಗೋಣ ಅನ್ನಿಸಿತು. ರಾಯರು ಡಬ್ಬಿಯಿಂದ ಒಂದು ಬಿಳಿ ಸೂಜಿ ತೆಗೆದು, "ಗುರುತಿಗೆ ಒಂದು ಹಚ್ಚೂಣೇನಪಾ?" ಅಂದರು, ಬಹಳ ಮೆಲ್ಲಗೆ.

ತುಂಗಕ್ಕ ಅಡ್ಡ ಬಂದಳು. "ಬ್ಯಾಡ್ರೀ ರಾಯರ. ಮಲಗ್ಯಾಳ ಆಕಿ. ಚುಚ್ಚಬ್ಯಾಡ್ರಿ."

ಈಗ ನಾನು ಮುದುಕ. ರಾಯರು ತೀರಿದ ಮೇಲೆ ಒಂದು ಶಾಲೆಗೆ ಬಂದು, ಮೂಲೆಯಲ್ಲಿ ಅರ್ಧ ಬಿಚ್ಚಿಕೊಂಡು ಒರಗಿದ್ದೇನೆ. ಎದುರಿನ ಗೋಡೆಗೆ ಹೊಸ ಭೂಪಟ ಬಂದಿದೆ. ದೇಶಗಳು ಬೇರೆ, ಬಣ್ಣಗಳು ಬೇರೆ. ಆ ಕಾಡನ್ನು ಅದರಲ್ಲಿ ಹುಡುಕಿ ನೋಡಿದೆ. ಹಳ್ಳದ ಹೆಸರು ಇನ್ನೂ ಬಂದಿಲ್ಲ. ಗಡಿಯ ಗೆರೆ ಮಾತ್ರ ಮೊದಲಿಗಿಂತ ದಪ್ಪಗಾಗಿ, ಇಂದಿರೆ ಮಲಗಿದಲ್ಲೇ ಹಾದುಹೋಗಿದೆ.