ಬಂದವರ ಗಾದಿ

ನಾನೊಂದು ಗಾದಿ. ದಕ್ಷಿಣದ ಕಡೆಯವರು ನನ್ನನ್ನು ಹಾಸಿಗೆ ಎನ್ನುತ್ತಾರಂತೆ. ಎನ್ನಲಿ, ನನಗೇನೂ ಬೇಜಾರಿಲ್ಲ. ಹುಟ್ಟಿದ್ದು ಗದಗಿನಲ್ಲಿ, ದಾವಲಸಾಬ ನದಾಫನ ಅಂಗಡಿ ಕಟ್ಟೆಯ ಮೇಲೆ. ಅದಕ್ಕೂ ಮೊದಲು ಅರಳೆಯಾಗಿದ್ದೆ. ಇನ್ನೂ ಮೊದಲು ಎರೆಹೊಲದಲ್ಲಿ ಬೆಳ್ಳಗೆ ಬಾಯಿ ಬಿಟ್ಟ ಹತ್ತಿಕಾಯಿಯಾಗಿದ್ದೆ. ದಾವಲಸಾಬ ಅರಳೆ ಹಿಂಜುವ ದೊಡ್ಡ ಬಿಲ್ಲು ಹಿಡಿದು ಮೀಟಿದಾಗ ಎಳೆ ಎಳೆಯಾಗಿ ಬಿಡಿಸಿಕೊಂಡು ಮೇಲಕ್ಕೆ ಹಾರಿದ್ದೆ. ಆ ಹಾರಾಟದ ಗುಂಗು ಇವತ್ತಿಗೂ ಇಳಿದಿಲ್ಲ. ನನ್ನ ಮೇಲೆ ಮಲಗಿದವರ ಕನಸುಗಳೆಲ್ಲ ಮೆಲ್ಲಗೆ ನನ್ನೊಳಗೆ ಜಿನುಗುವುದು ಅದಕ್ಕೇ ಇರಬೇಕು.

ನನ್ನನ್ನು ಮಾಡಿಸಿದವಳು ನಿಂಬೆವ್ವ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಹೆಂಗಸು. ಒಲೆಯ ಮುಂದೆ ಬಗ್ಗಿ ಕೂತೂ ಕೂತೂ ಅವಳ ಟೊಂಕ, ಅಂದರೆ ಸೊಂಟ, ಹಿಡಿದುಬಿಟ್ಟಿತ್ತು. ನೆಲಕ್ಕೆ ಹಾಸಿದ ಹಳೇ ಬಟ್ಟೆಯ ಕೌದಿಯಲ್ಲಿ ಎಷ್ಟು ಹೊರಳಾಡಿದರೂ ನಿದ್ದೆ ಹತ್ತುತ್ತಿರಲಿಲ್ಲ. ರೊಟ್ಟಿಯ ದುಡ್ಡಿನಲ್ಲಿ ಒಂದು ಒಳ್ಳೆಯ ಗಾದಿ ಮಾಡಿಸಿಕೊಳ್ಳಬೇಕೆಂಬುದು ಅವಳ ಆಸೆ. ಅವಳ ಗಂಡ ಮಹಾರುದ್ರಪ್ಪ ಅರಿವೆ ಅಂಗಡಿಯಲ್ಲಿ ಬಟ್ಟೆ ಅಳೆಯುವವನು. ಅದೇ ದುಡ್ಡಿನಲ್ಲಿ ಪಡಸಾಲೆಗೆ ಸೋಫಾ ತರಬೇಕೆಂದು ಅವನ ಹಟ. ಇಬ್ಬರೂ ನದಾಫನ ಅಂಗಡಿಯ ಮುಂದೆಯೇ ಜಗಳಕ್ಕೆ ನಿಂತರು.

"ಸೋಫಾ ಆದರ ಬಂದವರ ಕಣ್ಣಿಗೆ ಬೀಳತದ. ಗಾದಿಗೆ ಯಾರರ ಇಷ್ಟು ರೊಕ್ಕಾ ಸುರೀತಾರೇನ? ಕಣ್ಣು ಮುಚ್ಚಿದ ಮ್ಯಾಲೆ ನೆಲಾ ಏನು, ಗಾದಿ ಏನು?" ಎಂದ ಮಹಾರುದ್ರಪ್ಪ.

"ನಿಮಗ ಕಣ್ಣು ಮುಚ್ಚೂದರಾಗ ಗೊರಕಿ ಸುರು ಆಗತದ್ರೀ. ನನ್ನ ಟೊಂಕಾ ನನಗ ಕಣ್ಣೇ ಮುಚ್ಚಗೊಡೂದಿಲ್ಲ," ಎಂದು ನಿಂಬೆವ್ವ ದಾವಲಸಾಬನ ಕಡೆ ತಿರುಗಿದಳು. "ಅಣ್ಣಾರ, ಹಳೇದು ಒಂದು ಎಳೀನೂ ಕೂಡಸಬ್ಯಾಡ್ರಿ. ಎಲ್ಲಾ ಹೊಸಾ ಅರಳೀನ ಹಾಕ್ರಿ. ಮನ್ಯಾಗ ನನಗಂತ ಒಂದರ ಚಲೋ ಸಾಮಾನ ಇರ್ಲಿ."

ಆ ಮಾತು ಕೇಳಿ ನಾನು ಉಬ್ಬಿಹೋದೆ. ಆಗಿನ್ನೂ ನನಗೆ ಹೊಲಿಗೆ ಕೂಡ ಬಿದ್ದಿರಲಿಲ್ಲ.

ಮನೆಗೆ ಹೋದ ದಿನ ಸಂಜೆ ನಿಂಬೆವ್ವ ನನ್ನನ್ನು ಹಾಸಿ, ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಸವರಿದಳು. ರೊಟ್ಟಿ ಬಡಿದು ಜಡ್ಡುಗಟ್ಟಿದ ಅಂಗೈ ಅದು. ಇನ್ನೇನು ಮಲಗುತ್ತಾಳೆ ಎಂದು ನಾನು ಮೈಯೆಲ್ಲ ಸಡಿಲಿಸಿ ಕಾದೆ. ಅಷ್ಟರಲ್ಲಿ ನರಗುಂದದ ಬಸ್ಸಿಗೆ ಮಹಾರುದ್ರಪ್ಪನ ಅಕ್ಕ ಬಂದಿಳಿದಳು. ಬಂದವರಿಗೆ ಕೌದಿ ಕೊಟ್ಟು ತಾನು ಗಾದಿಯ ಮೇಲೆ ಮಲಗುವುದುಂಟೇ? ಆ ಅಕ್ಕನೇ ನನ್ನ ಮೇಲೆ ಮಲಗಿದಳು. ಕನಸಿನಲ್ಲಿ ಲಂಗ ಹಾಕಿದ ಹುಡುಗಿಯಾಗಿ ಹುಣಸೆಮರ ಹತ್ತಿದಳು. ಬೆಳಗ್ಗೆ ಎದ್ದು, "ಎಂಥಾ ನಿದ್ದಿ ಬಂತವ್ವಾ!" ಎಂದಳು. ನಿಂಬೆವ್ವನ ಮುಖ ಅರಳಿತು.

ನನ್ನ ಗ್ರಹಚಾರ ಆ ಹೊಗಳಿಕೆಯಿಂದಲೇ ಶುರುವಾಯಿತು. ಅಕ್ಕ ಊರಿಗೆ ಹೋದ ಮೇಲೆ ನಿಂಬೆವ್ವ ನನ್ನನ್ನು ಬಿಸಿಲಿಗೆ ಹಾಕಿ, ಸುತ್ತಿ, ಹಳೆಯ ಸೀರೆಯಲ್ಲಿ ಕಟ್ಟಿದಳು. "ಇಂಥಾ ಚಲೋದು ಬಂದವರಿಗಿರ್ಲಿ. ದಿನಾ ಹಾಸಿದರ ಹೊಲಸಾಗತದ. ನಮಗ ಕೌದಿ ಸಾಕು," ಎಂದಳು. ಹೇಳಿದವನು ಮಹಾರುದ್ರಪ್ಪನಾಗಿದ್ದರೆ ಅವನನ್ನಾದರೂ ಬೈಯುತ್ತಿದ್ದೆ. ಹೇಳಿದವಳು ಇವಳೇ. ನನ್ನನ್ನು ಅಟ್ಟಕ್ಕೇರಿಸಿದರು.

ಅಟ್ಟದಲ್ಲಿ ಹಗಲಿಗೂ ಇರುಳಿಗೂ ಅಂಥ ವ್ಯತ್ಯಾಸವಿಲ್ಲ. ಹೆಂಚಿನ ಸಂದಿಯಿಂದ ಇಳಿಯುವ ಬೆಳಕಿನ ಕೋಲಿನಲ್ಲಿ ಧೂಳು ತೇಲುವುದನ್ನು ನೋಡುತ್ತ, ನಾನೂ ಹಾಗೇ ತೇಲುತ್ತಿದ್ದೆ. ಕೆಲವೊಮ್ಮೆ ಮತ್ತೆ ಹೊಲದಲ್ಲಿದ್ದೇನೆ ಅನಿಸುತ್ತಿತ್ತು. ಊರ ಅಗಸಿಬಾಗಿಲ ಕಡೆಯಿಂದ ಬೀಸುವ ಗಾಳಿ, ಹತ್ತಿ ಬಿಡಿಸುವ ಹೆಂಗಸರ ಬಳೆ ಸದ್ದು. ನೆಂಟರು ಬಂದಾಗ ಮಾತ್ರ ಕೆಳಗೆ ಇಳಿಯುತ್ತಿದ್ದೆ. ಬೀಗರ ಮುದುಕನೊಬ್ಬ ಎಲ್ಲೂ ನಿಲ್ಲದ ರೈಲಿನ ಕನಸು ಬಿಟ್ಟುಹೋದ. ಒಬ್ಬ ಮಾಸ್ತರು ಆಡುಗಳಿಗೆ ಮಗ್ಗಿ ಹೇಳಿಕೊಡುವ ಕನಸು ಕಂಡರು, ಪಾಪ ಒಂದು ಆಡೂ ಸರಿಯಾಗಿ ಒಪ್ಪಿಸಲಿಲ್ಲ. ಮಾಡಿಸಿದ್ದು ನಿಂಬೆವ್ವನ ಟೊಂಕಕ್ಕೆ, ಮಲಗಿದ್ದು ಊರ ಮಂದಿ. ಅವಳು ಮಾತ್ರ ಪಕ್ಕದಲ್ಲೇ ನೆಲದ ಮೇಲೆ ಮಗ್ಗುಲು ಬದಲಿಸುತ್ತ "ಶಿವಾ" ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಳ್ಳುವುದು ನನಗೆ ನಿಜವಾಗಿಯೂ ಕಷ್ಟವಾಗುತ್ತಿತ್ತು. ಕೈ ಇದ್ದಿದ್ದರೆ ಎಳೆದುಕೊಂಡು ಮಲಗಿಸುತ್ತಿದ್ದೆ.

ಹಿತ್ತಿಲಲ್ಲಿ ಬಿಸಿಲಿಗೆ ಹಾಕಿದಾಗ ಒಮ್ಮೆ ನನಗೆ ಕೆನ್ನೆ ಹಚ್ಚಿ ಕಣ್ಣು ಮುಚ್ಚಿದ್ದಳು. ಮುಂಬಾಗಿಲಲ್ಲಿ ಯಾರೋ ರೊಟ್ಟಿಗೆ ಕೂಗಿದರು, ಎದ್ದು ಹೋದಳು.

ಮಗಳು ದಾನಮ್ಮನ ಮದುವೆಯಾಯಿತು. ಹುಡುಗಿಯ ಜೊತೆ ಗಾದಿ, ದಿಂಬು ಕಳಿಸುವುದು ಪದ್ಧತಿ. "ಹೊಸಾದು ಯಾಕ? ಇದು ಹೊಸಾದರಂಗ ಐತಿ," ಎಂದು ನಿಂಬೆವ್ವ ನನ್ನನ್ನೇ ಕಳಿಸಿದಳು. ಟ್ರ್ಯಾಕ್ಸ್ ಗಾಡಿಯ ತಲೆಯ ಮೇಲೆ ಕಟ್ಟಿಸಿಕೊಂಡು ಹೊರಟಾಗ ಬಾಗಿಲಲ್ಲಿ ನಿಂತು ಅವಳು ಕಣ್ಣೊರೆಸಿಕೊಂಡದ್ದು ಮಗಳಿಗಾಗಿ ಎಂದು ಗೊತ್ತಿತ್ತು. ಆದರೂ ಅದರಲ್ಲಿ ನನ್ನದೂ ಒಂದು ಪಾಲು ಅಂದುಕೊಂಡೆ.

ಹುನಗುಂದದಲ್ಲಿ ದಾನಮ್ಮನ ಗಂಡನ ಪುಟ್ಟ ಮನೆಯಲ್ಲಿ ಅಟ್ಟವೇ ಇರಲಿಲ್ಲ. ದಾನಮ್ಮ ಮೊದಲ ದಿನವೇ ನನ್ನನ್ನು ಮಂಚಕ್ಕೆ ಹಾಸಿದವಳು ಮತ್ತೆ ಸುತ್ತಿಡಲೇ ಇಲ್ಲ. ಅವಳ ಮಗು ಬಂತು, ನನ್ನ ಮೇಲೆ ಉಚ್ಚೆ ಹೊಯ್ದು, ಹಾಲು ಕಕ್ಕಿ, ಹಲ್ಲು ಬಾರದ ಬಾಯಿಂದ ನನ್ನ ಮೂಲೆ ಚೀಪಿತು. ಕಲೆಗಳಾದವು. ತಗ್ಗುಗಳು ಬಿದ್ದವು. ಅರಳೆ ಗಂಟುಕಟ್ಟಿದಾಗ ಬಿಚ್ಚಿ ಮತ್ತೆ ಹಿಂಜಿಸಿದಳು, ಮತ್ತೆ ಹಾರಿದೆ. ಗಾದಿಯಾಗಿರುವುದೆಂದರೆ ಏನೆಂದು ನನಗೆ ತಿಳಿದದ್ದು ಅಲ್ಲಿಯೇ.

ಒಂದು ಬೇಸಿಗೆಯಲ್ಲಿ ಮಗಳ ಮನೆ ನೋಡಲು ನಿಂಬೆವ್ವ ಬಂದಳು. ಅಷ್ಟೊತ್ತಿಗೆ ಬೆನ್ನು ಬಾಗಿತ್ತು. ನನ್ನನ್ನು ಕಂಡವಳೇ ಸಿಟ್ಟಾದಳು.

"ಅಯ್ಯ, ಎಂಥಾ ಗಾದೀನ ಎಂಥಾದು ಮಾಡೀಯಲ್ಲೇ! ದಿನಾ ಹಾಸತೀಯೇನ? ಬಂದವರಿಗೆ ಏನು ಹಾಸ್ತಿ?"

"ಚಾಪಿ ಐತಿ, ಕೌದಿ ಐತಿ. ಬಂದವರು ಎರಡು ದಿನಾ ಇರತಾರ ಅವ್ವಾ, ನಾವು ದಿನಾ ಇರತೇವಿ," ಎಂದಳು ದಾನಮ್ಮ.

ಮಧ್ಯಾಹ್ನ ಊಟವಾದ ಮೇಲೆ ನಿಂಬೆವ್ವ ಮೂಲೆಯಲ್ಲಿದ್ದ ಚಾಪೆ ಎಳೆದುಕೊಂಡಳು. ಮಗಳು ಅದನ್ನು ಕಸಿದು ಗೋಡೆಗೆ ಒರಗಿಸಿ, ತಾಯಿಯ ರಟ್ಟೆ ಹಿಡಿದಳು.

"ಇಲ್ಲೆ ಮಲಗು."

"ಬ್ಯಾಡವ್ವಾ, ನನಗ ರೂಢಿ ಇಲ್ಲ. ಬಂದವರು ಯಾರರ..."

"ಇನ್ಯಾರು ಬರಬೇಕವ್ವಾ? ಈ ಮನಿಗೆ ಬಂದಾಕಿ ನೀನೇ ಅಲ್ಲೇನ?"

ನಿಂಬೆವ್ವ ಮಗಳ ಮುಖವನ್ನೇ ನೋಡಿದಳು. ಆ ಮಾತು ಅವಳಿಗೆ ಹಿತವಾಯಿತೋ ನೋವಾಯಿತೋ, ನನಗೆ ತಿಳಿಯಲಿಲ್ಲ. ಎರಡೂ ಆಗಿರಬೇಕು. ಆಮೇಲೆ ಸೆರಗು ಸರಿಮಾಡಿಕೊಂಡು, ಯಾರದೋ ಮನೆಯ ಸಾಮಾನು ಮುಟ್ಟುವವಳ ಹಾಗೆ ಅಂಜುತ್ತ ಅಂಚಿಗೆ ಕೂತಳು. ಕಾಲೆತ್ತಿ ಇಟ್ಟಳು. ಮಲಗಿದಳು.

ಎಷ್ಟು ಹಗುರವಾಗಿದ್ದಳು! ಅವಳ ಟೊಂಕ ನನಗೆ ತಾಗಿದ ಕಡೆ ನಾನು ಇದ್ದಬದ್ದ ಅರಳೆಯನ್ನೆಲ್ಲ ಕೂಡಿಸಿಕೊಂಡು ಮೆತ್ತಗಾದೆ. ಅವಳು ಮೇಲಿನ ಫ್ಯಾನು ನೋಡುತ್ತ ಇದ್ದಳು. ಕಣ್ಣಂಚಿನಿಂದ ಒಂದು ಹನಿ ಕಿವಿಯ ಪಕ್ಕದಲ್ಲಿ ಇಳಿದು ನನ್ನನ್ನು ಸೇರಿತು.

"ಹಿಂಗ ಇರ್ತಿತ್ತೇನ ಇದು?" ಎಂದಳು.

ದಾನಮ್ಮ ಕಿಟಕಿ ಮುಚ್ಚಿ, ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು.

ಈಗ ನಾನು ಮುದಿಯಾಗಿದ್ದೇನೆ. ಹೊಲಿಗೆ ಬಿಟ್ಟಿದೆ, ಅರಳೆ ಪುಡಿಯಾಗಿದೆ, ಬಾಗಿಲ ಹಿಂದೆ ಸುತ್ತಿಟ್ಟಿದ್ದಾರೆ. ಯಾವುದಕ್ಕೆ ಹೆಚ್ಚು ದುಡ್ಡು ಹಾಕಬೇಕು ಎಂದು ನೀವು ಸಂಸಾರವಂದಿಗರು ತಲೆ ಕೆಡಿಸಿಕೊಳ್ಳುವುದನ್ನು ಕೇಳುತ್ತಿರುತ್ತೇನೆ. ದಿನವೂ ಮೈಗೆ ತಾಗುವುದಕ್ಕೆ ಹಾಕಿ. ಹಾಕಿದ ಮೇಲೆ ಕಟ್ಟಿಡಬೇಡಿ, ಅಷ್ಟೇ ನನ್ನ ಬೇಡಿಕೆ. ಇಲ್ಲಿ ಬಿದ್ದುಕೊಂಡು ನಾನು ನೆಂಟರ ಕನಸುಗಳನ್ನು ಒಂದೊಂದಾಗಿ ತೆಗೆದು ನೋಡುತ್ತೇನೆ. ನಿಂಬೆವ್ವನದು ಹುಡುಕಿದರೂ ಸಿಗುವುದಿಲ್ಲ. ಆ ಮಧ್ಯಾಹ್ನ ಅವಳು ಯಾವ ಕನಸೂ ಕಾಣಲಿಲ್ಲ. ದೀಪ ಹಚ್ಚುವ ಹೊತ್ತಿನವರೆಗೂ ಮಗ್ಗುಲು ಕೂಡ ಬದಲಿಸದೆ ಮಲಗಿದ್ದಳು.